ಪ್ಲಾಸ್ಟಿಕ್ ಕ್ಯಾಮೆರಾದಲ್ಲಿ ಮೂಲೆ ಯಾಕೆ ಕಪ್ಪಾಗುತ್ತೆ?

ಮಾಟುಂಗ ಸ್ಟೇಷನ್ ಹತ್ತಿರದ ಒಂದು ಉಡುಪಿ ಹೋಟೆಲಿಗೆ ಭಾನುವಾರ ಬೆಳಿಗ್ಗೆ ಇಡ್ಲಿಗೆ ಹೋಗುವುದು ನನ್ನ ರೂಢಿ. ಒಂದು ಸಲ ಬಿಲ್ ಕೊಡುವಾಗ ಕೈಯಲ್ಲಿದ್ದ 'ಹೋಲ್ಗಾ' ಎಂಬ ಪ್ಲಾಸ್ಟಿಕ್ ಕ್ಯಾಮೆರಾವನ್ನು ಗಲ್ಲೆಯ ಮೇಲೆ ಇಟ್ಟೆ. ಅಲ್ಲಿ ಕೂತಿದ್ದ ಶೆಟ್ರು ಅದನ್ನು ಎತ್ತಿ ನೋಡಿದರು. ತೂಕವೇ ಇಲ್ಲ. ಬೆರಳಲ್ಲಿ ತಟ್ಟಿದರೆ ಖಾಲಿ ಡಬ್ಬಿಯ ಸದ್ದು. ಸುತ್ತಲೂ ಕಪ್ಪು ಟೇಪ್ ಬೇರೆ ಸುತ್ತಿದೆ.

"ಎಂತ ಮಾರಾಯ್ರೆ ಇದು, ಮಕ್ಕಳ ಆಟದ ಸಾಮಾನಾ? ಫೋಟೋ ಬರ್ತದಾ ಇದರಲ್ಲಿ?"

"ಬರ್ತದೆ ಶೆಟ್ರೆ. ಹೇಗೆ ಬರ್ತದೆ ಅಂತ ಮಾತ್ರ ಹೇಳ್ಲಿಕ್ಕಾಗೋದಿಲ್ಲ" ಅಂದೆ.

ಈ ಕ್ಯಾಮೆರಾ ಹಿಡಿದವರೆಲ್ಲ ಹೇಳುವ ಮಾತು ಇದು. ಕೇಳಲು ಚೆನ್ನಾಗಿದೆ. ಆದರೆ ಅರ್ಧ ಸುಳ್ಳು. ಹೇಗೆ ಬರುತ್ತದೆ ಎಂದು ಬಹಳ ಮಟ್ಟಿಗೆ ಹೇಳಬಹುದು. ಆ ಡಬ್ಬಿಯ ಒಳಗೆ ಏನು ನಡೆಯುತ್ತದೆ ಎಂದು ಗೊತ್ತಿರಬೇಕು, ಅಷ್ಟೇ.

ಇಂಥವಕ್ಕೆ ಆಟಿಕೆ ಕ್ಯಾಮೆರಾ ಎಂದೇ ಹೆಸರು. ಹಾಗಂತ ಸುಮ್ನೆ ಕ್ಲಿಕ್ ಎನ್ನುವ ಬೊಂಬೆಯಲ್ಲ. ನಿಜವಾದ ಫಿಲಂ ಹಾಕಿ ನಿಜವಾದ ಫೋಟೋ ತೆಗೆಯುವ ಯಂತ್ರವೇ. ಬಾಡಿ ಪ್ಲಾಸ್ಟಿಕ್, ಹೆಚ್ಚಿನವುಗಳಲ್ಲಿ ಲೆನ್ಸೂ ಪ್ಲಾಸ್ಟಿಕ್. 1960ರ ದಶಕದಲ್ಲಿ ಹಾಂಗ್‌ಕಾಂಗ್‌ನ ಗ್ರೇಟ್ ವಾಲ್ ಪ್ಲಾಸ್ಟಿಕ್ ಫ್ಯಾಕ್ಟರಿ 'ಡಯಾನಾ' ಎಂಬ ಕ್ಯಾಮೆರಾ ಮಾಡುತ್ತಿತ್ತು. ಬೆಲೆ ತೀರಾ ಕಡಿಮೆ, ಬಹುಮಾನವಾಗಿ ಕೊಡುವಂಥ ವಸ್ತು. 1982ರಲ್ಲಿ ಅದೇ ಊರಿನಿಂದ 'ಹೋಲ್ಗಾ' ಬಂತು. ಟಿ. ಎಂ. ಲೀ ಎಂಬವರ ವಿನ್ಯಾಸ. ಆಗ ಚೀನಾದಲ್ಲಿ ಅಗಲವಾದ 120 ಫಿಲಂ ಸುಲಭವಾಗಿ ಸಿಗುತ್ತಿತ್ತು. ಸಾಮಾನ್ಯ ಮನೆಯವರೂ ಕೊಳ್ಳಬಹುದಾದ ಕ್ಯಾಮೆರಾ ಇರಲಿ ಎಂಬುದು ಉದ್ದೇಶ. ಕ್ಯಾಂಟನೀಸ್ ಭಾಷೆಯ 'ಹೋ ಗ್ವಾಂಗ್' ಎಂಬ ಮಾತಿನಿಂದ ಆ ಹೆಸರು ಬಂತಂತೆ. ಅರ್ಥ 'ತುಂಬಾ ಬೆಳಕು'. ಬೇಡದ ಕಡೆಯೆಲ್ಲ ಬೆಳಕು ನುಗ್ಗುವ ಈ ಡಬ್ಬಿಗೆ ಎಷ್ಟು ಸರಿಯಾದ ಹೆಸರು ಅಲ್ವಾ!

ಚೀನಾದ ಮನೆಮನೆಯಲ್ಲಿ ಹೋಲ್ಗಾ ನೆಲೆಯೂರಲಿಲ್ಲ. ಅಷ್ಟರಲ್ಲಿ ಚಿಕ್ಕ 35 ಎಂಎಂ ಫಿಲಂ ಎಲ್ಲ ಕಡೆ ಹರಡಿಬಿಟ್ಟಿತು. ಆದರೆ ದೂರದ ಅಮೆರಿಕ, ಯುರೋಪಿನ ಫೋಟೋಗ್ರಾಫರುಗಳು ಇದನ್ನು ಹಿಡಿದುಕೊಂಡರು. ಡಯಾನಾಗೂ ಇದಕ್ಕಿಂತ ಮುಂಚೆ ಹೀಗೇ ಆಗಿತ್ತು. ನ್ಯಾನ್ಸಿ ರೆಕ್ಸ್‌ರೋತ್ 1970ರ ದಶಕದಲ್ಲಿ ಅಮೆರಿಕದ ಒಹಾಯೊ ಕಡೆಯ ಸಣ್ಣ ಊರುಗಳನ್ನು ಡಯಾನಾದಲ್ಲೇ ತೆಗೆದು ಹೆಸರಾದವರು. ಪತ್ರಿಕಾ ಛಾಯಾಗ್ರಾಹಕ ಡೇವಿಡ್ ಬರ್ನೆಟ್ 2000ದ ಅಮೆರಿಕ ಅಧ್ಯಕ್ಷ ಚುನಾವಣೆಯಲ್ಲಿ ಅಭ್ಯರ್ಥಿ ಅಲ್ ಗೋರ್ ಪ್ರಚಾರಕ್ಕೆ ಹೋಗುವಾಗ ಹೋಲ್ಗಾ ಒಯ್ದರು. ಅದರಲ್ಲಿ ತೆಗೆದ ಗೋರ್ ಫೋಟೋಗೆ ಮರುವರ್ಷ ಶ್ವೇತಭವನದ ಸುದ್ದಿ ಛಾಯಾಗ್ರಾಹಕರ ಸಂಘದ ಪ್ರಶಸ್ತಿ ಬಂತು. ಸುತ್ತ ಇದ್ದವರ ಕೈಯಲ್ಲಿ ಲಕ್ಷಗಟ್ಟಲೆ ಬೆಲೆಯ ಲೆನ್ಸುಗಳಿದ್ದಿರಬೇಕು, ಅದನ್ನು ನೆನೆಸಿಕೊಂಡರೆ ನನಗೆ ನಗು ಬರುತ್ತದೆ.

ನಮ್ಮಲ್ಲೂ ಇಂಥದ್ದೊಂದು ಇತ್ತು. ಅದನ್ನು ಯಾರೂ ಆಟಿಕೆ ಅನ್ನುತ್ತಿರಲಿಲ್ಲ. ಬರೋಡಾದಲ್ಲಿ ತಯಾರಾಗುತ್ತಿದ್ದ ಆಗ್ಫಾ ಕ್ಲಿಕ್ 3. ಅದೇ 120 ಫಿಲಂ, ರೋಲಿಗೆ 12 ಚೌಕ ಫೋಟೋ. ನಮ್ಮ ಸೋದರಮಾವ ಕುಂದಾಪುರದ ಕಡೆಯಿಂದ ಮುಂಬೈಗೆ ಬಂದವರು. ಹಗಲು ಫೋರ್ಟಿನ ಕ್ಯಾಂಟೀನಲ್ಲಿ ಕೆಲಸ, ರಾತ್ರಿ ಕನ್ನಡ ಶಾಲೆಯಲ್ಲಿ ಓದು. ಮೊದಲ ಬೋನಸ್ಸಿನಲ್ಲಿ ಕೊಂಡದ್ದು ಕ್ಲಿಕ್ 3. ಅವರು ಊರಿಗೆ ಹೋದಾಗ ತೆಗೆದ ಫೋಟೋಗಳು ಈಗಲೂ ನಮ್ಮ ಟ್ರಂಕಿನಲ್ಲಿವೆ. ಅಜ್ಜಿ, ಚಿಕ್ಕಮ್ಮಂದಿರು, ಒಂದು ಕರು, ಎಲ್ಲ ನಟ್ಟನಡುವೆ ಗುಂಪಾಗಿ ನಿಂತಿರುತ್ತಾರೆ. ಸುತ್ತ ಅಂಗಳವೆಲ್ಲ ಖಾಲಿ. ಬಟನ್ ಒತ್ತುವ ಮುಂಚೆ ಮಾವ "ನಡುವೆ ಬನ್ನಿ, ನಡುವೆ ಬನ್ನಿ" ಎಂದು ಕೂಗುತ್ತಿದ್ದರು ಅಂತ ಅಮ್ಮ ಹೇಳುತ್ತಾಳೆ. ಅಂಚಿಗೆ ನಿಂತವರ ಮುಖ ಮಸುಕಾಗುತ್ತದೆ ಎಂದು ಮೊದಲ ಒಂದೆರಡು ರೋಲಿನಲ್ಲೇ ಅವರಿಗೆ ಗೊತ್ತಾಗಿತ್ತು. ಯಾಕೆ ಎಂದು ಗೊತ್ತಿರಲಿಲ್ಲ.

ಯಾಕೆ ಅಂದರೆ, ಇದು. ದುಬಾರಿ ಕ್ಯಾಮೆರಾದ ಲೆನ್ಸ್ ಅಂದರೆ ಒಂದು ಗಾಜಲ್ಲ, ಐದಾರು, ಕೆಲವೊಮ್ಮೆ ಹದಿನೈದು ಗಾಜುಗಳ ಸಾಲು. ಒಂದರ ತಪ್ಪನ್ನು ಇನ್ನೊಂದು ತಿದ್ದುತ್ತದೆ. ಹೋಲ್ಗಾದಲ್ಲಿ ಇರುವುದು ಒಂದೇ ಒಂದು ಪ್ಲಾಸ್ಟಿಕ್ ತುಣುಕು. ಒಂದು ಕಡೆ ಉಬ್ಬು, ಇನ್ನೊಂದು ಕಡೆ ತಗ್ಗು, ಕನ್ನಡಕದ ಗಾಜಿನ ಹಾಗೆ. ಅಡುಗೆ, ಸಪ್ಲೈ, ಗಲ್ಲೆ ಮೂರನ್ನೂ ಒಬ್ಬನೇ ನೋಡಿಕೊಳ್ಳುವ ಹೋಟೆಲನ್ನು ಊಹಿಸಿಕೊಳ್ಳಿ. ಇಡ್ಲಿ ಬರುತ್ತದೆ, ಚಟ್ನಿ ಬರುವುದು ಹತ್ತು ನಿಮಿಷ ಬಿಟ್ಟು.

ಒಂಟಿ ಲೆನ್ಸಿನ ದೊಡ್ಡ ಕಷ್ಟ ಬಾಗು. ಅದು ಚಿತ್ರವನ್ನು ಚಪ್ಪಟೆಯಾಗಿ ಮೂಡಿಸುವುದಿಲ್ಲ. ಇಡ್ಲಿ ತಟ್ಟೆಯ ಗುಳಿಯ ಹಾಗೆ ಬಾಗಿಸಿ ಮೂಡಿಸುತ್ತದೆ. ಫಿಲಂ ಮಾತ್ರ ದೋಸೆ ಕಾವಲಿಯಂತೆ ಚಪ್ಪಟೆ. ಗುಳಿಯ ತಳ ಕಾವಲಿಗೆ ತಾಗಿದ ಜಾಗದಲ್ಲಿ, ಅಂದರೆ ನಡುವಿನಲ್ಲಿ, ಚಿತ್ರ ಸ್ಪಷ್ಟ. ಅಂಚಿಗೆ ಹೋದಂತೆ ಗುಳಿ ಮೇಲೇಳುತ್ತದೆ, ಕಾವಲಿ ದೂರವಾಗುತ್ತದೆ, ಚಿತ್ರ ಕರಗುತ್ತದೆ. ಇದು ಕೈ ಅಲುಗಿದ ಮಸುಕಲ್ಲ. ನಡುವಿನಿಂದ ಹೊರಕ್ಕೆ ಮೆಲ್ಲಗೆ ಹೆಚ್ಚುತ್ತಾ ಹೋಗುವ ಮಸುಕು. ಇದರ ಜೊತೆಗೆ, ಒಂದೇ ಪ್ಲಾಸ್ಟಿಕ್ಕು ಕೆಂಪು ಬೆಳಕನ್ನು ಒಂದಷ್ಟು ಬಗ್ಗಿಸಿದರೆ ನೀಲಿಯನ್ನು ಸ್ವಲ್ಪ ಜಾಸ್ತಿ ಬಗ್ಗಿಸುತ್ತದೆ. ಎರಡೂ ಒಂದೇ ಕಡೆ ಬಂದು ಸೇರುವುದಿಲ್ಲ. ಹಾಗಾಗಿ ಬಿಳಿ ಗೋಡೆಯ ಅಂಚಿಗೆ ತೆಳುವಾದ ಬಣ್ಣದ ಗೆರೆ ಬರುತ್ತದೆ.

ಇನ್ನು ಆ ಪ್ರಸಿದ್ಧ ಕಪ್ಪು ಮೂಲೆ. ಫಿಲಂ ಚೌಕದ ಒಂದು ಬದಿ ಸುಮಾರು 56 ಮಿಲಿಮೀಟರ್. ನಡುವಿನಿಂದ ಮೂಲೆಗೆ ಸುಮಾರು 40 ಮಿಲಿಮೀಟರ್ ಆಯಿತು. ಲೆನ್ಸಿನಿಂದ ಫಿಲಂಗೆ ಇರುವ ದೂರ ಸುಮಾರು 60 ಮಿಲಿಮೀಟರ್. ಹಾಗಾದರೆ ಮೂಲೆಗೆ ಹೋಗುವ ಬೆಳಕು ನೇರವಾಗಿ ಹೋಗುವುದಿಲ್ಲ, ಓರೆಯಾಗಿ, ಜಾಸ್ತಿ ದೂರ ಹೋಗಬೇಕು. ಸಂಜೆ ಬಿಸಿಲು ನೆಲದ ಮೇಲೆ ಓರೆಯಾಗಿ ಬಿದ್ದು ತೆಳ್ಳಗಾಗುತ್ತದಲ್ಲ, ಅದೇ ಕಥೆ. ಲೆಕ್ಕ ಹಾಕಿದರೆ, ಈ ಒಂದೇ ಕಾರಣಕ್ಕೆ ಮೂಲೆಗೆ ನಡುವಿನ ಅರ್ಧದಷ್ಟೇ ಬೆಳಕು ತಲುಪುತ್ತದೆ. ಅದರ ಮೇಲೆ ಲೆನ್ಸ್ ಕೂತ ಪ್ಲಾಸ್ಟಿಕ್ ಕೊಳವೆಯೂ ಒಂದಿಷ್ಟು ಬೆಳಕನ್ನು ತಡೆಯುತ್ತದೆ. ಒಟ್ಟಿನಲ್ಲಿ ಮೂಲೆ ಕತ್ತಲು.

ಇಷ್ಟು ತಿಳಿದ ಮೇಲೆ ಕ್ಯಾಮೆರಾ ಹಿಡಿಯುವ ರೀತಿಯೇ ಬದಲಾಗುತ್ತದೆ. ಒಂದು ಫೋಟೋ ಹೇಳುತ್ತೇನೆ. ಜುಲೈ ತಿಂಗಳು, ಬೆಳಿಗ್ಗೆ ಏಳೂವರೆ, ದಾದರ್ ಫ್ಲೈಓವರ್ ಕೆಳಗಿನ ಹೂವಿನ ಮಾರ್ಕೆಟ್. ಮಳೆ ಆಗತಾನೆ ನಿಂತಿತ್ತು. ಒಬ್ಬ ಮುದುಕ ಬಯಲಿನ ಕಡೆ ಚೆಂಡುಹೂವಿನ ರಾಶಿ ಹಾಕಿಕೊಂಡು ಕೂತಿದ್ದ. ತಲೆ ಮೇಲೆ ನೀಲಿ ತಾಡಪತ್ರಿ. ಮಾಮೂಲಿ ಕ್ಯಾಮೆರಾದಲ್ಲಿ ತೆಗೆದರೆ ಅಲ್ಲಿ ಕಾಣುವುದು ಐವತ್ತು ಜನ, ಮೂವತ್ತು ಬುಟ್ಟಿ, ಕೆಸರು, ಸ್ಕೂಟರು, ಮೊಬೈಲ್ ಕಂಪನಿಯ ಬೋರ್ಡು. ಕಣ್ಣು ಎಲ್ಲಿ ನಿಲ್ಲಬೇಕು ಎಂದೇ ತಿಳಿಯುವುದಿಲ್ಲ. ನಾನು ಮುದುಕನ ಕೈಯನ್ನು ಚೌಕದ ನಟ್ಟನಡುವೆ ಇಟ್ಟೆ. ಫೋಟೋದಲ್ಲಿ ಹೂ ಪೋಣಿಸುತ್ತಿದ್ದ ಬೆರಳು, ದಾರ, ಒದ್ದೆ ಎಸಳು ಸ್ಪಷ್ಟವಾಗಿ ಬಂದವು. ಅವನ ಮುಖ ಸ್ವಲ್ಪ ಮೆತ್ತಗೆ. ಸುತ್ತಲಿನ ಐವತ್ತು ಜನ ಬಣ್ಣದ ಕಲೆಗಳಾಗಿ ಸುತ್ತುತ್ತಿರುವ ಹಾಗೆ ಕಾಣುತ್ತಾರೆ. ನೀಲಿ ತಾಡಪತ್ರಿ ಮೂಲೆಯ ಕತ್ತಲೆಯಲ್ಲಿ ಮಳೆಮೋಡದಂತೆ ಕೂತಿದೆ. ಮೊಬೈಲ್ ಕಂಪನಿಯ ಬೋರ್ಡು ಪೂರ್ತಿ ಮಾಯ! ಮುಂಬೈಯಂಥ ಕಿಕ್ಕಿರಿದ ಊರಿಗೆ ಈ ಲೆನ್ಸ್ ಯಾಕೆ ಇಷ್ಟು ಹೊಂದುತ್ತದೆ ಎಂದು ನನಗೆ ಅರ್ಥವಾದದ್ದು ಆ ನೆಗೆಟಿವ್ ನೋಡಿದಾಗ. ಗುಂಪಿನಿಂದ ಒಂದನ್ನು ಆರಿಸಿ ಉಳಿದದ್ದನ್ನು ಬಿಟ್ಟುಬಿಡುವುದು ಅದರ ಸ್ವಭಾವ.

ಬೆಳಕಿನ ವಿಷಯದಲ್ಲಿ ಕ್ಯಾಮೆರಾ ನಿಮಗೆ ಏನೂ ಬಿಟ್ಟುಕೊಡುವುದಿಲ್ಲ. ಶಟರ್, ಅಂದರೆ ಬೆಳಕನ್ನು ಒಳಗೆ ಬಿಟ್ಟು ಮತ್ತೆ ಮುಚ್ಚುವ ಬಾಗಿಲು, ಹಗಲಿಗೆ ಒಂದೇ ವೇಗ, ಸೆಕೆಂಡಿನ ನೂರನೇ ಒಂದು ಭಾಗದ ಆಸುಪಾಸು. ಲೆನ್ಸಿನ ಮೇಲೆ ಸೂರ್ಯ, ಮೋಡ ಎಂಬ ಎರಡು ಗುರುತಿನ ಒಂದು ಸಣ್ಣ ಸ್ವಿಚ್ ಇದೆ. ಹಳೆಯ ಹೋಲ್ಗಾಗಳಲ್ಲಿ ಅದನ್ನು ಅತ್ತ ಇತ್ತ ಸರಿಸಿದರೂ ಒಳಗಿನ ರಂಧ್ರ ಬದಲಾಗುವುದೇ ಇಲ್ಲ. ಸುಮಾರು ಎಫ್ 13 ಎಂಬ ಅಳತೆಗೆ, ಅಂದರೆ ಒಂದು ಸಣ್ಣ ರಂಧ್ರಕ್ಕೆ, ನಿಂತಿರುತ್ತದೆ. ಸುಮ್ನೆ ಸಮಾಧಾನಕ್ಕೆ ಒಂದು ಸ್ವಿಚ್! ಹಾಗಾಗಿ ಹಗಲು ಬೆಳಕಿನಲ್ಲಿ ನಿಮ್ಮ ಕೈಯಲ್ಲಿ ಇರುವುದು ಫಿಲಂ ಆಯ್ಕೆ ಒಂದೇ. ಫಿಲಂ ಡಬ್ಬಿಯ ಮೇಲಿನ ಐಎಸ್‌ಒ ಅಂಕಿ ಹೆಚ್ಚಿದ್ದಷ್ಟೂ ಅದಕ್ಕೆ ಕಡಿಮೆ ಬೆಳಕು ಸಾಕು. ಏಪ್ರಿಲ್ ಬಿಸಿಲಿಗೆ ಐಎಸ್‌ಒ 100, ಜುಲೈ ಮೋಡಕ್ಕೆ 400. ಬೆಳಕು ಜಾಸ್ತಿಯಾದರೂ ನೆಗೆಟಿವ್ ಫಿಲಂ ಸಹಿಸಿಕೊಳ್ಳುತ್ತದೆ. ಕಡಿಮೆಯಾದರೆ ಸಹಿಸುವುದಿಲ್ಲ. ಅನುಮಾನ ಇದ್ದರೆ 400 ಹಾಕಿ.

ದೂರ ಹೊಂದಿಸಲು ಲೆನ್ಸಿನ ಸುತ್ತ ನಾಲ್ಕು ಚಿತ್ರಗಳಿವೆ. ಒಬ್ಬ ಮನುಷ್ಯ, ಮೂವರ ಸಂಸಾರ, ಒಂದು ಗುಂಪು, ಒಂದು ಬೆಟ್ಟ. ಸುಮಾರಾಗಿ ಒಂದು ಮೀಟರ್, ಎರಡು, ಆರು, ಹತ್ತರಿಂದ ಆಚೆ. ನಮ್ಮ ಅಕ್ಕನ ಮಗಳು ಇದನ್ನು ಎರಡು ನಿಮಿಷದಲ್ಲಿ ಕಲಿತಳು. ನಾನು ಕಲಿಯಲು ಎರಡು ರೋಲ್ ಹಿಡಿಯಿತು, ಏಕೆಂದರೆ ನಾನು ಆ ಗುರುತು ತಿರುಗಿಸುವುದನ್ನೇ ಮರೆಯುತ್ತಿದ್ದೆ.

ಮರೆವಿನ ಮಾತು ಬಂತು, ಹೇಳಿಬಿಡುತ್ತೇನೆ. ಇದರಲ್ಲಿ ಕಣ್ಣಿಟ್ಟು ನೋಡುವ ಕಿಂಡಿ ಬೇರೆ, ಲೆನ್ಸ್ ಬೇರೆ. ಲೆನ್ಸಿನ ಮುಚ್ಚಳ ಹಾಗೇ ಇದ್ದರೂ ಕಿಂಡಿಯಲ್ಲಿ ಲೋಕವೆಲ್ಲ ಚೆನ್ನಾಗಿ ಕಾಣುತ್ತದೆ. ಬಾಣಗಂಗಾ ಕೆರೆಯ ಮೆಟ್ಟಿಲುಗಳ ಮೇಲೆ ಒಂದು ಮಧ್ಯಾಹ್ನ ಪೂರ್ತಿ ಕೂತು, ಬಾತುಕೋಳಿಗಳಿಗೆ ಕಾದು, ಒಂದೊಂದೇ ಯೋಚಿಸಿ ಹನ್ನೆರಡು ಫೋಟೋ ತೆಗೆದೆ. ಲ್ಯಾಬಿನ ಹುಡುಗ ಫಿಲಂ ತೊಳೆದು ಬೆಳಕಿಗೆ ಹಿಡಿದು ತೋರಿಸಿದ. ಮೊದಲಿಂದ ಕೊನೆವರೆಗೆ ತಿಳಿನೀರಿನಂತೆ ಖಾಲಿ. ಅವನು ಪಾಪ ಏನೂ ಅನ್ನಲಿಲ್ಲ. ಅಂದಿನಿಂದ ಆ ಮುಚ್ಚಳ ಮನೆಯ ಡ್ರಾಯರಿನಲ್ಲಿದೆ.

ನನ್ನ ಪ್ರಕಾರ ಈ ಡಬ್ಬಿಯ ಅತಿ ದೊಡ್ಡ ಶಕ್ತಿ ಇರುವುದು ಲೆನ್ಸಿನಲ್ಲಲ್ಲ, ಶಟರಿಗೂ ಫಿಲಂ ಸುತ್ತುವ ಗುಂಡಿಗೂ ಸಂಬಂಧವೇ ಇಲ್ಲದಿರುವುದರಲ್ಲಿ. ಬೇರೆ ಹೆಚ್ಚಿನ ಕ್ಯಾಮೆರಾಗಳಲ್ಲಿ ಫಿಲಂ ಮುಂದೆ ಸುತ್ತದಿದ್ದರೆ ಎರಡನೇ ಸಲ ಬಟನ್ ಒತ್ತಲು ಬಿಡುವುದಿಲ್ಲ. ಇದು ಬಿಡುತ್ತದೆ. ಒಂದೇ ಚೌಕದ ಮೇಲೆ ಎರಡು, ಮೂರು, ಹತ್ತು ಸಲ ಬೇಕಾದರೂ ಒತ್ತಿ. ಇದನ್ನು ಎಲ್ಲರೂ ಅದೃಷ್ಟಕ್ಕೆ ಬಿಟ್ಟು, ಬೇಕಾಬಿಟ್ಟಿ ಒತ್ತಿ, ಕೊನೆಗೆ ಬೂದು ಬಣ್ಣದ ಕಲಸುಮೇಲೋಗರ ಮಾಡಿಕೊಳ್ಳುತ್ತಾರೆ. ಇದಕ್ಕೊಂದು ನಿಯಮ ಇದೆ. ಫಿಲಂ ಮೇಲೆ ಬೆಳಕು ಕೂಡುತ್ತಾ ಹೋಗುತ್ತದೆ, ಕಳೆಯುವುದಿಲ್ಲ. ಮೊದಲ ಚಿತ್ರದಲ್ಲಿ ಕಪ್ಪಾಗಿರುವ ಜಾಗ ಫಿಲಂ ಮಟ್ಟಿಗೆ ಇನ್ನೂ ಖಾಲಿ ಹಾಳೆ. ಎರಡನೇ ಚಿತ್ರ ಅಲ್ಲಿ ಮಾತ್ರ ಚೆನ್ನಾಗಿ ಮೂಡುತ್ತದೆ. ಮೊದಲ ಸಲವೇ ಬೆಳ್ಳಗಾದ ಆಕಾಶದ ಮೇಲೆ ಏನು ಬರೆದರೂ ಕಾಣುವುದಿಲ್ಲ.

ಇದು ತಿಳಿದ ಮೇಲೆ ಒಂದು ಸಲ ಬೇಕೆಂದೇ ಮಾಡಿದೆ. ಅಮ್ಮ ಕಡು ನೀಲಿ ಸೀರೆ ಉಟ್ಟು ಚಾಳಿನ ಗ್ಯಾಲರಿಯಲ್ಲಿ, ಹಳೆಯ ಮರದ ಬಾಗಿಲ ಮುಂದೆ ನಿಂತಳು. ಒಂದು ಕ್ಲಿಕ್. ಫಿಲಂ ಸುತ್ತಲಿಲ್ಲ. ಆಮೇಲೆ ಮಲ್ಲಿಗೆಯ ಬುಟ್ಟಿಯನ್ನು ಬಿಸಿಲಿಗೆ ಇಟ್ಟು, ಅದು ಚೌಕದ ಕೆಳಗಿನ ಅರ್ಧಕ್ಕೆ ಮಾತ್ರ ಬರುವಂತೆ, ಮೇಲಿನ ಅರ್ಧ ನೆರಳಿರುವಂತೆ ಬಗ್ಗಿ ನಿಂತು ಇನ್ನೊಂದು ಕ್ಲಿಕ್. ಅಮ್ಮನ ಮುಖ ಇದ್ದ ಹಾಗೇ ಇತ್ತು. ಸೀರೆಯ ನೆರಿಗೆಯ ತುಂಬ ಮಾತ್ರ ಮಲ್ಲಿಗೆ ಬಂದು ಕೂತಿತ್ತು. ಸೆರಗಿನ ಬಳಿ ಎರಡು ಮೊಗ್ಗು ಅಂಚು ದಾಟಿ ಗಾಳಿಯಲ್ಲಿ ತೇಲುತ್ತಿದ್ದವು. ಆ ಎರಡು ಮೊಗ್ಗು ನನ್ನ ಲೆಕ್ಕದಲ್ಲಿ ಇರಲಿಲ್ಲ, ಅಷ್ಟು ಮಾತ್ರ ಕ್ಯಾಮೆರಾದ ಕೊಡುಗೆ. "ಇಂಥ ಸೀರೆ ನನ್ನ ಹತ್ತಿರ ಯಾವಾಗ ಇತ್ತು?" ಎಂದು ಅಮ್ಮ ಕೇಳಿದಳು.

ಇದೇ ಸ್ವಾತಂತ್ರ್ಯದ ಇನ್ನೊಂದು ಉಪಯೋಗ ಉದ್ದನೆ ಪಟ್ಟಿ. ಫಿಲಂನ ಹಿಂಬದಿಯ ಕಾಗದದ ಮೇಲೆ ಅಂಕಿಗಳಿರುತ್ತವೆ. ಕ್ಯಾಮೆರಾದ ಬೆನ್ನಿನ ಸಣ್ಣ ಕೆಂಪು ಕಿಟಕಿಯಲ್ಲಿ ಮುಂದಿನ ಅಂಕಿ ಬರುವವರೆಗೆ ಸುತ್ತಬೇಕು ಎಂಬುದು ಕ್ರಮ. ಕ್ರಮ ಬಿಟ್ಟು ಮುಕ್ಕಾಲು ಸುತ್ತಿ ನಿಲ್ಲಿಸಿದರೆ ಒಂದು ಚೌಕದ ಅಂಚು ಮುಂದಿನ ಚೌಕದ ಮೇಲೆ ಹತ್ತುತ್ತದೆ. ವರ್ಲಿ ಕೋಳಿವಾಡದ ದೋಣಿಗಳನ್ನು ಹಾಗೆ ಆರು ಸಲ ತೆಗೆದು, ಒಂದೇ ಉದ್ದ ಚಿತ್ರವಾಗಿ ಪ್ರಿಂಟ್ ಮಾಡಿಸಿದ್ದೇನೆ. ಒಂದೇ ದೋಣಿ ಎರಡು ಸಲ ಬಂದಿದೆ, ಹಿಂದಿನ ಸೀ ಲಿಂಕ್ ಸೇತುವೆಗೆ ಒಂದು ಕಂಬ ಜಾಸ್ತಿಯಾಗಿದೆ.

ಬೆಳಕು ಸೋರುವುದರ ಬಗ್ಗೆ ಮಾತ್ರ ನನಗೆ ಅಷ್ಟು ಪ್ರೀತಿ ಇಲ್ಲ. ಜನ ಇದನ್ನೇ ಜಾಸ್ತಿ ಹೊಗಳುತ್ತಾರೆ. ಬೆನ್ನಿನ ಮುಚ್ಚಳ ಸರಿಯಾಗಿ ಕೂರುವುದಿಲ್ಲ, ಎರಡು ಬದಿಯ ತಗಡಿನ ಕ್ಲಿಪ್ಪುಗಳಿಗೇ ಕುತ್ತಿಗೆಪಟ್ಟಿ ಕಟ್ಟಿರುವುದರಿಂದ ಎಳೆದಾಡಿದರೆ ಕ್ಲಿಪ್ಪೇ ಜಾರುತ್ತದೆ. ಕೆಂಪು ಕಿಟಕಿಯದ್ದು ಇನ್ನೊಂದು ಕಥೆ. ಹಳೆಯ ಕಾಲದ ಫಿಲಂಗಳಿಗೆ ಕೆಂಪು ಬೆಳಕು ಕಾಣುತ್ತಿರಲಿಲ್ಲ, ಅದಕ್ಕೇ ಕಿಟಕಿಗೆ ಕೆಂಪು ಬಣ್ಣ. ಈಗಿನ ಫಿಲಂಗೆ ಕೆಂಪೂ ಕಾಣುತ್ತದೆ, ಕಿಟಕಿಯಿಂದ ಬೆಳಕು ನುಸುಳಿದರೆ ಕಲೆ ಬೀಳುತ್ತದೆ. ಆ ಕಿತ್ತಳೆ ಬೆಂಕಿಯಂಥ ಕಲೆ ಮೊದಲ ಸಲ ಚಂದ, ಐದನೇ ಸಲ ಬೇಜಾರು. ಅದಕ್ಕೂ ಎದುರಿಗಿದ್ದ ದೃಶ್ಯಕ್ಕೂ ಏನೂ ಸಂಬಂಧ ಇಲ್ಲ. ಹಾಗಾಗಿ ಕಪ್ಪು ಟೇಪ್. ಲೋಕಲ್ ಟ್ರೈನಿನ ನೂಕುನುಗ್ಗಲಲ್ಲಿ ಮುಚ್ಚಳ ಕಳಚಿ ಬೀಳದಿರಲೂ ಅದೇ ಟೇಪ್.

"ಇದೆಲ್ಲ ಫೋನಿನಲ್ಲಿ ಒಂದು ಫಿಲ್ಟರ್ ಹಾಕಿದರೆ ಬರುತ್ತಲ್ಲ?" ಎಂದು ಕೇಳುವವರಿದ್ದಾರೆ. ಸರಿಯಾದ ಪ್ರಶ್ನೆಯೇ. ಅಸಲಿಗೆ ಆ ಫಿಲ್ಟರುಗಳ ಅಜ್ಜಿ ಮನೆ ಇದೇ. ಇನ್‌ಸ್ಟಾಗ್ರಾಂ ಕಟ್ಟಿದವರಲ್ಲಿ ಒಬ್ಬರಾದ ಕೆವಿನ್ ಸಿಸ್ಟ್ರಮ್ ವಿದ್ಯಾರ್ಥಿಯಾಗಿ ಇಟಲಿಯ ಫ್ಲಾರೆನ್ಸಿಗೆ ಹೋಗಿದ್ದಾಗ, ಅಲ್ಲಿನ ಮೇಷ್ಟ್ರು ಅವರ ಒಳ್ಳೆಯ ಕ್ಯಾಮೆರಾ ತೆಗೆದಿಟ್ಟು ಕೈಗೆ ಹೋಲ್ಗಾ ಕೊಟ್ಟರಂತೆ. 2010ರಲ್ಲಿ ಬಂದ ಆ ಆ್ಯಪಿನ ಚೌಕ ಫೋಟೋ ಮತ್ತು ಫಿಲ್ಟರುಗಳ ಬೇರು ಅಲ್ಲಿದೆ ಎಂದು ಅವರೇ ಹೇಳಿಕೊಂಡಿದ್ದಾರೆ. ವ್ಯತ್ಯಾಸ ಇಷ್ಟೇ. ಫಿಲ್ಟರ್ ಹಾಕುವುದು ಫೋಟೋ ತೆಗೆದ ಮೇಲೆ, ಸೋಫಾ ಮೇಲೆ ಕೂತು. ಇಲ್ಲಿ ಮೂಲೆ ಕಪ್ಪಾಗುತ್ತದೆ ಎಂದು ಗೊತ್ತಿದ್ದುಕೊಂಡೇ ನೀವು ಮಾರ್ಕೆಟಿನಲ್ಲಿ ನಿಂತಿರುತ್ತೀರಿ. ಎರಡು ಹೆಜ್ಜೆ ಎಡಕ್ಕೆ ಹೋಗುವುದೋ, ಕೂರುವುದೋ, ಮುದುಕನ ಕೈಯೋ ಮುಖವೋ ಎಂದು ಅಲ್ಲೇ ತೀರ್ಮಾನಿಸಬೇಕು. ಬೇರೆ ಯಾವ ಗುಂಡಿಯೂ ಇಲ್ಲದ್ದರಿಂದ ಯೋಚನೆಯೆಲ್ಲ ಕಾಲಿಗೆ ಇಳಿಯುತ್ತದೆ.

ದುಡ್ಡಿನ ಮಾತೂ ಇದೆ. ಅಗ್ಗದ ಕ್ಯಾಮೆರಾ ಎಂದು ಹೆಸರು, ಖರ್ಚು ಅಗ್ಗವಲ್ಲ. ನನಗೆ ಒಂದು 120 ರೋಲ್ ಸಾವಿರ ರೂಪಾಯಿ ಆಸುಪಾಸಿಗೆ ಬೀಳುತ್ತದೆ, ತೊಳೆಯುವುದು, ಸ್ಕ್ಯಾನು ಬೇರೆ. ಹನ್ನೆರಡೇ ಫೋಟೋ. ಬಟನ್ ಒತ್ತುವ ಮುಂಚೆ ಮೂರು ಸಲ ನೋಡುವುದಕ್ಕೆ ಇದಕ್ಕಿಂತ ಒಳ್ಳೆಯ ಗುರು ಬೇಕೇ? ಹಳೆಯ ಕ್ಲಿಕ್ 3 ಬೇಕಿದ್ದರೆ ಚೋರ್ ಬಜಾರಿನ ಮಟನ್ ಸ್ಟ್ರೀಟಿನಲ್ಲಿ ಹುಡುಕಿ, ಶಟರ್ ಒತ್ತಿ ಸ್ಪ್ರಿಂಗಿನ ಸದ್ದು ಕೇಳಿಯೇ ಚೌಕಾಸಿಗೆ ಇಳಿಯಿರಿ. ಹೊಸ ಹೋಲ್ಗಾ ಕೂಡ ಸಿಗುತ್ತದೆ. 2015ರಲ್ಲಿ ತಯಾರಿ ನಿಂತಿತ್ತು, 2017ರಲ್ಲಿ ಮತ್ತೆ ಶುರುವಾಯಿತು.

ಕಪ್ಪು-ಬಿಳುಪು ರೋಲನ್ನು ನಾನು ಮನೆಯಲ್ಲೇ ತೊಳೆಯುತ್ತೇನೆ. ಡೆವಲಪರ್ ಪೊಟ್ಟಣದ ಮೇಲೆ 20 ಡಿಗ್ರಿ ಎಂದು ಬರೆದಿರುತ್ತದೆ. ಮೇ ತಿಂಗಳ ಮುಂಬೈ ನಲ್ಲಿಯಲ್ಲಿ 20 ಡಿಗ್ರಿ ನೀರು ಎಲ್ಲಿಂದ ಬರಬೇಕು? ಪಾತ್ರೆಯನ್ನು ಐಸ್ ಹಾಕಿದ ಬಕೆಟಿನಲ್ಲಿ ಇಟ್ಟು, ಥರ್ಮಾಮೀಟರ್ ಹಿಡಿದು ಬಾತ್‌ರೂಮಿನಲ್ಲಿ ಕೂರುತ್ತೇನೆ. ಫ್ರಿಜ್ಜಿನಲ್ಲಿ ಕೊತ್ತಂಬರಿ ಸೊಪ್ಪಿನ ಪಕ್ಕದಲ್ಲೇ ಫಿಲಂ ರೋಲುಗಳಿರುತ್ತವೆ. ಅಮ್ಮನಿಗೆ ಈಗ ಅಭ್ಯಾಸವಾಗಿದೆ.

ಶೆಟ್ರ ಫೋಟೋ ಕೊನೆಗೂ ತೆಗೆದೆ. ಹೋಟೆಲ್ ಒಳಗೆ ಬೆಳಕು ಸಾಲದು, ಹಾಗಾಗಿ ಶಟರನ್ನು ಕತ್ತಲಿಗೆಂದೇ ಇರುವ 'ಬಿ' ಎಂಬ ಗುರುತಿಗೆ ಹಾಕಿದೆ. ಅದರಲ್ಲಿ ಬೆರಳು ಒತ್ತಿ ಹಿಡಿದಷ್ಟು ಹೊತ್ತೂ ಶಟರ್ ತೆರೆದಿರುತ್ತದೆ. ಕ್ಯಾಮೆರಾವನ್ನು ಎದುರಿನ ಟೇಬಲ್ ಮೇಲೆ ಇಟ್ಟು, ಮೂವರ ಸಂಸಾರದ ಗುರುತಿಗೆ ತಿರುಗಿಸಿ, "ಉಸಿರು ಬಿಗಿ ಹಿಡೀರಿ" ಅಂದೆ. ಒತ್ತಿ, ಬಿಟ್ಟೆ. ಒಂದು ವಾರ ಬಿಟ್ಟು ಪ್ರಿಂಟ್ ಕೊಟ್ಟಾಗ ಅವರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಮುಖ, ಮೀಸೆ, ಜೇಬಿನ ಪೆನ್ನು ಎಲ್ಲ ಚೆನ್ನಾಗಿ ಬಂದಿತ್ತು. ಹಿಂದೆ ಹಾದುಹೋದ ಸಪ್ಲೈಯರ್ ಒಂದು ಬಿಳಿ ಗೆರೆಯಾಗಿದ್ದ.

"ನಾನು ಬಂದಿದ್ದೇನೆ. ಮೇಲೆ ಉಡುಪಿ ಕೃಷ್ಣನ ಫೋಟೋ ಇತ್ತಲ್ಲ, ದೇವರು ಎಲ್ಲಿ ಹೋದ್ರು?"

"ಮೂಲೆಯಲ್ಲಿದ್ದಾರೆ ಶೆಟ್ರೆ, ಅಲ್ಲಿ ಕತ್ತಲೆ."

ಅವರು ಪ್ರಿಂಟನ್ನು ಗಲ್ಲೆಯ ಗಾಜಿನ ಕೆಳಗೆ ಸೇರಿಸಿದರು. "ಮುಂದಿನ ಸಲ ದೇವರನ್ನು ನಡುವೆ ಇಡಿ ಮಾರಾಯ್ರೆ. ಮೂಲೆಯಲ್ಲಿ ನಾನು ಕೂರ್ತೇನೆ."